ಸಿಂಪಿ ಲಿಂಗಣ್ಣ: ತುಣುಕು ಹಾಡುಗಳ ಕೌದಿ ಹೊಲಿದ ಮಾಸ್ತರರು

ವಿಜಯಪುರ ಜಿಲ್ಲೆಯ ಭೀಮಾ ತೀರದ ಹಳ್ಳಿಗಳಲ್ಲಿ ಹಳೆಯ ಮನೆಯೊಂದರ ಪಡಸಾಲೆಯನ್ನು ಹೊಕ್ಕರೆ, ಗೋಡೆಯ ಬದಿಗೆ ಮಡಚಿ ಒಟ್ಟಿದ ಕೌದಿಗಳು ಇಂದಿಗೂ ಕಣ್ಣಿಗೆ ಬೀಳುವುದುಂಟು. ಅಜ್ಜಿಯ ಇಳಕಲ್ ಸೀರೆಯ ಸೆರಗು, ಅಜ್ಜನ ಧೋತರದ ಅಂಚು, ಮಗಳ ಖಣದ ಕುಪ್ಪಸದಲ್ಲಿ ಉಳಿದ ಮೂಲೆ, ಮೊಮ್ಮಗನ ಅಂಗಿಯ ತೋಳು ಎಲ್ಲವೂ ಒಂದೇ ಹಾಸಿಗೆಯ ಮೇಲೆ ಅಕ್ಕಪಕ್ಕದಲ್ಲಿ ಬಂದು ಕುಳಿತಿರುತ್ತವೆ. ಹೊರಗಿನವರಿಗೆ ಅದು ಚಿಂದಿಗಳ ರಾಶಿಯಾಗಿ ಕಂಡೀತು. ಮನೆಯವರಿಗೆ ಅದು ಮೂರು ತಲೆಮಾರಿನ ಲೆಕ್ಕಪುಸ್ತಕ.

ಇದೇ ನೆಲದಲ್ಲಿ, ಇದೇ ಕೌದಿಯ ಬಗೆಯಲ್ಲಿ, ಕನ್ನಡಕ್ಕೆ ಒಂದು ಪುಸ್ತಕವನ್ನು ಕಟ್ಟಿಕೊಟ್ಟವರಲ್ಲಿ ಒಬ್ಬರು ಸಿಂಪಿ ಲಿಂಗಣ್ಣ. ಹಲಸಂಗಿ ಗೆಳೆಯರ ಗುಂಪಿನ ಹಿರಿಯ ಕೊಂಡಿ, 'ಗರತಿಯ ಹಾಡು' ಸಂಗ್ರಹದ ಸಂಪಾದಕರಲ್ಲೊಬ್ಬರು, ಕೊಪ್ಪಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಇಂದಿನ ಪೀಳಿಗೆಗೆ ಈ ಹೆಸರು ಪಠ್ಯಪುಸ್ತಕದ ಒಂದು ಸಾಲಿನಷ್ಟೇ ಪರಿಚಿತವಾಗಿರಬಹುದು. ಆದರೆ ಎಸೆಯಬಹುದಾಗಿದ್ದ ತುಣುಕುಗಳನ್ನು ದಿನದಿನವೂ ಆಯ್ದು ಜೋಡಿಸಿದ ಅವರ ಬಾಳು ಮರೆಯುವಂಥದ್ದಲ್ಲ.

ಹೆಸರಿನಲ್ಲೇ ಸೂಜಿ-ದಾರ

ಲಿಂಗಣ್ಣನವರು ಹುಟ್ಟಿದ್ದು 1905ರಲ್ಲಿ, ಅಂದಿನ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ವಿಜಾಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಚಡಚಣದಲ್ಲಿ. ಚಡಚಣ ಈಗ ತಾನೇ ಒಂದು ತಾಲ್ಲೂಕು ಕೇಂದ್ರ. ಜಿಲ್ಲೆಯ ಹೆಸರೂ 2014ರಿಂದ ವಿಜಯಪುರವೆಂದಾಗಿದೆ. ಮರಾಠಿ ಸೀಮೆಗೆ ಅಂಟಿಕೊಂಡ ಊರು ಅದು. ಅಲ್ಲಿಂದ ಸೊಲ್ಲಾಪುರದ ಬಟ್ಟೆ ಗಿರಣಿಗಳು ದೂರವಿರಲಿಲ್ಲ. ಭೀಮಾ ನದಿಯ ಮೇಲ್ದಂಡೆಯ ಪಂಢರಪುರವೂ ದೂರವಿರಲಿಲ್ಲ.

ಉತ್ತರ ಕರ್ನಾಟಕದಲ್ಲಿ ಸಿಂಪಿಗ ಎಂದರೆ ಬಟ್ಟೆ ಹೊಲಿಯುವವನು. ಹಳಗನ್ನಡದ ಚಿಪ್ಪಿಗ ಎಂಬ ಮಾತೂ ಇದೇ ಕಸುಬಿನದು. ಸಿಂಪಿ ಎಂಬ ಮನೆತನದ ಹೆಸರು ಈ ಸೂಜಿಯ ಕಾಯಕದ ಗುರುತು. ಈ ಕಾಯಕಕ್ಕೆ ಈ ಸೀಮೆಯಲ್ಲಿ ದೊಡ್ಡ ಪರಂಪರೆಯೇ ಉಂಟು. 12ನೆಯ ಶತಮಾನದ ಶರಣರ ಸಾಲಿನಲ್ಲಿ ಸೂಜಿಕಾಯಕದ ರಾಮಿತಂದೆಯ ಹೆಸರಿದೆ. ಪಂಢರಪುರದ ವಿಠ್ಠಲನನ್ನು ಹಾಡಿದ ಸಂತ ನಾಮದೇವರು ಸಿಂಪಿಗರ ಕುಲದವರು. ಹೊಲಿಯುವವರ ಮನೆಯಿಂದ ಹಾಡು ಹೊರಟದ್ದು ಇಲ್ಲಿ ಹೊಸ ಸಂಗತಿಯೇನಲ್ಲ.

ಲಿಂಗಣ್ಣನವರು ವೃತ್ತಿಯಾಗಿ ಆರಿಸಿಕೊಂಡದ್ದು ಮಾಸ್ತರಿಕೆಯನ್ನು. ಅದು ಮುಲ್ಕಿ ಪರೀಕ್ಷೆ ದಾಟುವುದೇ ದೊಡ್ಡ ಓದೆಂದು ಹಳ್ಳಿಗಳು ಎಣಿಸುತ್ತಿದ್ದ ಕಾಲ. ಸಂಬಳ ಅಲ್ಪವಾದರೂ ಊರಿನಲ್ಲಿ ಮಾಸ್ತರರ ಮಾತಿಗೆ ತೂಕವಿತ್ತು. ಸಂತೆಗೆ ಹೋಗುವವರು, ಜಾತ್ರೆಯಿಂದ ಬರುವವರು, ತವರಿಗೆ ಕಾಗದ ಬರೆಸಬೇಕಾದ ಹೆಣ್ಣುಮಕ್ಕಳು ಎಲ್ಲರೂ ಮಾಸ್ತರರ ಮನೆಯ ಕಟ್ಟೆಯನ್ನು ಮುಟ್ಟಿಯೇ ಹೋಗುವವರು. ಊರಿನ ನುಡಿ ಕಿವಿಗೆ ಬೀಳಲು ಇದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ.

ಹಲಸಂಗಿಯ ಗೆಳೆತನ

ಚಡಚಣದ ಹತ್ತಿರದ ಹಲಸಂಗಿಯಲ್ಲಿ ಚೆನ್ನಮಲ್ಲಪ್ಪ ಗಲಗಲಿ ಎಂಬ ತರುಣರಿದ್ದರು. ಕನ್ನಡ ಓದುಗರು ಅವರನ್ನು ಮಧುರಚೆನ್ನ ಎಂಬ ಕಾವ್ಯನಾಮದಿಂದ ಬಲ್ಲರು. ಕಾಲೇಜಿನ ಮೆಟ್ಟಿಲು ಹತ್ತದೆ ಹಲವು ಭಾಷೆಗಳನ್ನು ತಾವೇ ಕಲಿತು, 'ನನ್ನ ನಲ್ಲ' ಕವಿತೆಯಿಂದ ನವೋದಯದ ಅನುಭಾವಿ ಕವಿಯೆಂದು ಹೆಸರಾದವರು ಅವರು. ಅವರ ಸುತ್ತ ಸೇರಿದ ಗೆಳೆಯರಲ್ಲಿ ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮತ್ತು ಪಿ. ಧೂಲಾಸಾಹೇಬರು ಮುಖ್ಯರು. ಧೂಲಾಸಾಹೇಬರು ಲಾವಣಿಯ ಗಾಯಕರು. ಲಾವಣಿಕಾರ ಖಾಜಾಭಾಯಿಯ ಊರಾದ ಹಲಸಂಗಿಯಲ್ಲಿ ಡಪ್ಪಿನ ನಾದ ಮನೆಮನೆಗೂ ಪರಿಚಿತವಾಗಿತ್ತು.

ಧಾರವಾಡದಲ್ಲಿ ದ.ರಾ. ಬೇಂದ್ರೆಯವರ ಗೆಳೆಯರ ಗುಂಪು ಕನ್ನಡ ಕಾವ್ಯಕ್ಕೆ ಹೊಸ ಉಸಿರು ತುಂಬುತ್ತಿದ್ದ ದಿನಗಳವು. ಹಲಸಂಗಿಯ ಗೆಳೆಯರಿಗೂ ಬೇಂದ್ರೆಯವರಿಗೂ ಆತ್ಮೀಯವಾದ ನಂಟು ಬೆಳೆಯಿತು. ಧಾರವಾಡ ವಿದ್ಯಾಕೇಂದ್ರ, ಅಲ್ಲಿ ಕಾಲೇಜು, ಮುದ್ರಣಾಲಯ, ಪತ್ರಿಕೆಗಳು ಇದ್ದವು. ಹಲಸಂಗಿಯಲ್ಲಿ ಇದ್ದದ್ದು ಬಿಳಿಜೋಳದ ಹೊಲ, ಬರದ ಭಯ ಮತ್ತು ನಸುಕಿನಲ್ಲಿ ಕೇಳಿಬರುವ ಬೀಸುವ ಕಲ್ಲಿನ ಸದ್ದು. ಗೆಳೆಯರು ಕಿವಿಗೊಟ್ಟದ್ದು ಆ ಸದ್ದಿಗೆ.

ಮೂರು ಸಾಲಿನ ಚೂರುಗಳು

ಬೀಸುವ ಕಲ್ಲಿನ ಹಾಡುಗಳು ಬಹುಪಾಲು ತ್ರಿಪದಿಗಳು. ತ್ರಿಪದಿ ಈ ನೆಲದ ಅತಿ ಹಳೆಯ ಛಂದಸ್ಸುಗಳಲ್ಲಿ ಒಂದು. ಸುಮಾರು ಕ್ರಿ.ಶ. 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ಅದು ಕಾಣಿಸುತ್ತದೆ. ಬಾದಾಮಿಯೂ 1997ರಲ್ಲಿ ಬಾಗಲಕೋಟೆ ಜಿಲ್ಲೆ ಬೇರೆಯಾಗುವವರೆಗೆ ಇದೇ ವಿಜಾಪುರ ಜಿಲ್ಲೆಯ ಊರು. ಕಲ್ಲಿನ ಮೇಲೆ ಕೊರೆದ ಛಂದಸ್ಸು ಹನ್ನೆರಡು ಶತಮಾನಗಳ ಬಳಿಕವೂ ಬೀಸುವ ಕಲ್ಲಿನ ಮುಂದೆ ಅಕ್ಷರ ಬಾರದ ಹೆಣ್ಣುಮಗಳ ಬಾಯಲ್ಲಿ ಉಳಿದಿತ್ತು.

ಒಂದೊಂದು ತ್ರಿಪದಿಯೂ ತನ್ನಷ್ಟಕ್ಕೆ ಪೂರ್ಣ. ತವರಿನ ನೆನಪು ಒಂದರಲ್ಲಿ, ಕೂಸಿನ ನಗು ಇನ್ನೊಂದರಲ್ಲಿ, ಅತ್ತೆಯ ಮನೆಯ ನೋವು ಮತ್ತೊಂದರಲ್ಲಿ. ಹಾಡುವವಳು ತನಗೆ ಆ ಹೊತ್ತಿಗೆ ತೋಚಿದ ಪದವನ್ನು ಎತ್ತಿಕೊಳ್ಳುತ್ತಾಳೆ. ಮರುದಿನ ಅದರ ಜೊತೆಗೆ ಬೇರೊಂದು ಪದ ಬರುತ್ತದೆ. ಆದಿಯಿಲ್ಲ, ಅಂತ್ಯವಿಲ್ಲ, ಬರೆದಿಟ್ಟ ಪ್ರತಿಯಿಲ್ಲ. ಪಂಡಿತರ ಕಣ್ಣಿಗೆ ಇವು ಸಾಹಿತ್ಯವಾಗಿ ಕಾಣಲಿಲ್ಲ. ಹಳ್ಳಿಯ ಹೆಂಗಸರ ಹೊತ್ತು ಕಳೆಯುವ ಪದಗಳು ಎಂಬ ತಾತ್ಸಾರವೇ ಹೆಚ್ಚಾಗಿತ್ತು.

ಜನಪದ ಹಾಡುಗಳನ್ನು ಬರೆದುಕೊಳ್ಳುವ ಕೆಲಸ ಅದಕ್ಕೂ ಮೊದಲೇ ಆರಂಭವಾಗಿತ್ತು. ಇಂಗ್ಲಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ ಈ ಭಾಗದ ಲಾವಣಿಗಳನ್ನು 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಅವು ಬಂಡಾಯದ, ವೀರರ, ಊರು ಆಳಿದವರ ಕಥೆಗಳು. ಬಯಲಿನಲ್ಲಿ ಗಂಡಸರು ಹಾಡುವ ಹಾಡುಗಳು. ಅಡುಗೆಮನೆಯ ಒಳಗೆ, ಬೀಸುವ ಕಲ್ಲಿನ ಮುಂದೆ ಹುಟ್ಟುವ ಹಾಡಿನತ್ತ ಹಲಸಂಗಿಯವರು ತಿರುಗಿದ್ದು ದೊಡ್ಡ ಹೆಜ್ಜೆ.

ಕೌದಿಯ ಪಾಠ

ಈ ಹಾಡುಗಳನ್ನು ಪುಸ್ತಕವಾಗಿಸಿದ ಬಗೆಯನ್ನು ಅರಿಯಬೇಕಾದರೆ, ಆ ಮನೆಗಳಲ್ಲಿಯೇ ನಡೆಯುತ್ತಿದ್ದ ಇನ್ನೊಂದು ಕೆಲಸವನ್ನು ನೋಡಬೇಕು. ಸುಗ್ಗಿ ಮುಗಿದು ಬೇಸಿಗೆ ಬಂದೊಡನೆ ಹೆಂಗಸರು ಕೌದಿಗೆ ಕೈ ಹಚ್ಚುತ್ತಾರೆ. ವರ್ಷವಿಡೀ ಗಂಟು ಕಟ್ಟಿಟ್ಟ ಹಳೆಯ ಬಟ್ಟೆಗಳನ್ನು ಬಿಚ್ಚಿ, ಒಗೆದು, ಗಟ್ಟಿಯಾದವನ್ನು ಬೇರೆ, ಜೀರ್ಣವಾದವನ್ನು ಬೇರೆ ಮಾಡುತ್ತಾರೆ. ಜೀರ್ಣವಾದ ಸೀರೆ, ಧೋತರಗಳು ನಡುವಿನ ಪದರಾಗುತ್ತವೆ. ಗಟ್ಟಿಯಾದ, ಬಣ್ಣ ಉಳಿದ ತುಂಡುಗಳು ಮೇಲ್ಮೈಗೆ ಬರುತ್ತವೆ. ಸಿಂಪಿಗರ ಅಂಗಡಿಯಲ್ಲಿ ಕತ್ತರಿಗೆ ಉದುರಿದ ಚೂರುಗಳನ್ನೂ ಬೇಡಿ ತರುತ್ತಾರೆ. ಗುಳೇದಗುಡ್ಡದ ಖಣದ ಚೂರು ಸಿಕ್ಕರೆ ಅದಕ್ಕೆ ನಡುಮಧ್ಯದ ಜಾಗ.

ಆಮೇಲೆ ಸಾಲು ಸಾಲಾಗಿ ಹೊಲಿಗೆ. ಸೂಜಿಯನ್ನು ಮೇಲೆ-ಕೆಳಗೆ ಓಡಿಸುವ ಸಾದಾ ಹೊಲಿಗೆಯೇ ಸಾಕು; ಆದರೆ ಪದರುಗಳು ಸರಿಯದಂತೆ ಸಾಲುಗಳು ಒತ್ತಾಗಿ ಬರಬೇಕು. ಒಂದೇ ದಿನಕ್ಕೆ ಮುಗಿಯುವ ಕೆಲಸ ಇದಲ್ಲ. ಮಧ್ಯಾಹ್ನ ಊಟವಾದ ಮೇಲೆ ಸಿಗುವ ಒಂದೆರಡು ತಾಸಿನಲ್ಲಿ ಇಂದು ನಾಲ್ಕು ಸಾಲು, ನಾಳೆ ನಾಲ್ಕು ಸಾಲು. ಮಳೆ ಬೀಳುವ ಮೊದಲು ಮುಗಿಯಬೇಕೆಂಬುದಷ್ಟೇ ಗಡುವು. ಪಕ್ಕದ ಮನೆಯಾಕೆ ಬಂದರೆ ಆಕೆಯೂ ಒಂದು ಸಾಲು ಹಾಕುತ್ತಾಳೆ. ಬಾಣಂತಿಯ ಮನೆಗೆ ಹೋಗುವ ಕೂಸಿನ ಕೌದಿಗೆ ಅಜ್ಜಿಯ ಮೆತ್ತನೆಯ ಹಳೆ ಸೀರೆಯೇ ಆಗಬೇಕು. ಹೊಸ ಬಟ್ಟೆ ಕೂಸಿನ ಮೈಗೆ ಒರಟು.

ಕೌದಿ ಹೊಲಿಯುವವಳ ಮುಂದೆ ದಿನವೂ ಒಂದು ಸವಾಲಿರುತ್ತದೆ. ಇರುವುದು ಇಷ್ಟೇ ಚೂರು. ಬೇಕಾದ ಬಣ್ಣ ಕೊಳ್ಳುವಂತಿಲ್ಲ, ಸಾಲದ ಅಳತೆ ಬೆಳೆಯುವುದಿಲ್ಲ. ಕೆಂಪಿನ ಪಕ್ಕದಲ್ಲಿ ಯಾವುದು ಒಪ್ಪೀತು, ಹರಿದ ಅಂಚನ್ನು ಯಾವುದು ಮುಚ್ಚೀತು ಎಂಬುದನ್ನು ಅವಳ ಕಣ್ಣೇ ತೀರ್ಮಾನಿಸಬೇಕು. ಯಾವ ಚೂರನ್ನೂ ಬೇರೆಯದನ್ನಾಗಿ ಮಾಡಲು ಅವಳು ಹೋಗುವುದಿಲ್ಲ. ಅದು ಇದ್ದಂತೆಯೇ ಇದ್ದು ಇನ್ನೊಂದರ ಜೊತೆಗೆ ಬಾಳುವ ಜಾಗವನ್ನು ಹುಡುಕಿಕೊಡುತ್ತಾಳೆ.

ಹಾಡು ಪುಸ್ತಕವಾದದ್ದು

ಗೆಳೆಯರು ಹಾಡುಗಳನ್ನು ಕೂಡಿಸಿದ್ದೂ ಹೀಗೆಯೇ, ಚೂರುಚೂರಾಗಿ. ಧ್ವನಿಮುದ್ರಣ ಯಂತ್ರ ಹಳ್ಳಿಗೆ ಕಾಲಿಡದ ಕಾಲ. ಪರಗಂಡಸರ ಮುಂದೆ ಗರತಿಯರು ಬಾಯಿ ಬಿಟ್ಟು ಹಾಡುವುದು ರೂಢಿಯಲ್ಲಿರಲಿಲ್ಲ. ಮನೆಯ ಹೆಣ್ಣುಮಕ್ಕಳ, ಬಂಧುಬಳಗದವರ ನೆರವಿಲ್ಲದೆ ಒಂದು ಪದವೂ ಕೈಗೆ ಸಿಗುವಂತಿರಲಿಲ್ಲ. ಶಾಲೆಯ ಕೆಲಸ, ಹೊಲಮನೆಯ ಕೆಲಸಗಳ ನಡುವೆ ಬಿಡುವು ಸಿಕ್ಕಾಗಲೆಲ್ಲ ಬರೆದುಕೊಳ್ಳುವ ಈ ಕಾಯಕಕ್ಕೆ ಸರಕಾರದ ಅನುದಾನವಾಗಲಿ, ವಿಶ್ವವಿದ್ಯಾಲಯದ ಬೆಂಬಲವಾಗಲಿ ಇರಲಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಲು ಇನ್ನೂ ಎರಡು ದಶಕಗಳು ಬಾಕಿಯಿದ್ದವು.

1931ರಲ್ಲಿ 'ಗರತಿಯ ಹಾಡು' ಹೊರಬಂತು. ಚೆನ್ನಮಲ್ಲಪ್ಪ, ಲಿಂಗಪ್ಪ, ರೇವಪ್ಪ ಎಂಬ ಮೂವರು ಅದರ ಸಂಪಾದಕರು. ಲಿಂಗಪ್ಪನೆಂದರೆ ನಮ್ಮ ಲಿಂಗಣ್ಣನವರೇ. ತವರು, ಗಂಡನ ಮನೆ, ಕೂಸು, ಅಣ್ಣತಮ್ಮಂದಿರು ಎಂಬ ಬಾಳಿನ ಸಂಬಂಧಗಳ ಸುತ್ತ ತ್ರಿಪದಿಗಳು ಸಾಲಾಗಿ ಕುಳಿತವು. ಒಂಟಿಯಾಗಿದ್ದಾಗ ಒಬ್ಬಳ ನಿಟ್ಟುಸಿರಾಗಿದ್ದ ಪದ, ಹತ್ತು ಪದಗಳ ಪಕ್ಕದಲ್ಲಿ ನಿಂತಾಗ ಒಂದು ನಾಡಿನ ಹೆಣ್ಣುಕುಲದ ಬದುಕಾಗಿ ಕಂಡಿತು. ಜೋಡಣೆಯಲ್ಲಿ ಸಂಪಾದಕರ ಕೈಯಿತ್ತು. ಪದಗಳಲ್ಲಿ ಗರತಿಯರ ಬಾಳಿತ್ತು.

ಕನ್ನಡದ ಹಿರಿಯ ಲೇಖಕರು ಈ ಪುಸ್ತಕವನ್ನು ಬೆರಗಿನಿಂದ ಬರಮಾಡಿಕೊಂಡರು. ಓದು-ಬರಹವಿಲ್ಲದವರ ಬಾಯಲ್ಲಿ ಇಂಥ ಕಾವ್ಯವಿದೆಯೆಂಬುದನ್ನು ಅದು ಸಾಧಿಸಿ ತೋರಿಸಿತು. ಅದರ ಹಿಂದೆಯೇ 1933ರಲ್ಲಿ ಧೂಲಾಸಾಹೇಬ ಮತ್ತು ಲಿಂಗಣ್ಣನವರು ಸೇರಿ ಲಾವಣಿಗಳ ಸಂಗ್ರಹ 'ಜೀವನ ಸಂಗೀತ'ವನ್ನು ಹೊರತಂದರು. 1935ರಲ್ಲಿ ಕಾಪಸೆ ರೇವಪ್ಪನವರ 'ಮಲ್ಲಿಗೆ ದಂಡೆ' ಬಂತು. ಐದು ವರ್ಷಗಳ ಒಳಗೆ ಒಂದು ಸಣ್ಣ ಹಳ್ಳಿಯ ಹೆಸರು ಕನ್ನಡ ಜಾನಪದದ ಚರಿತ್ರೆಯಲ್ಲಿ ಅಳಿಸಲಾಗದಂತೆ ನಿಂತಿತು.

ಉಳಿದದ್ದು, ಉಳಿಯದೆ ಹೋದದ್ದು

ಈ ಕೆಲಸ ಸರಿಯಾದ ಹೊತ್ತಿಗೆ ನಡೆಯಿತು. ಮುಂದಿನ ದಶಕಗಳಲ್ಲಿ ಹಿಟ್ಟಿನ ಗಿರಣಿಗಳು ಹಳ್ಳಿಹಳ್ಳಿಗೂ ಬಂದವು. ಹೆಣ್ಣುಮಕ್ಕಳ ರಟ್ಟೆಗೆ ಅದು ದೊಡ್ಡ ಬಿಡುಗಡೆ. ನಸುಕಿನಲ್ಲಿ ಎದ್ದು ಸೇರುಗಟ್ಟಲೆ ಜೋಳ ಬೀಸುವ ದಣಿವನ್ನು ಯಾರೂ ಮರಳಿ ಬಯಸಲಾರರು. ಆದರೆ ಕಲ್ಲು ನಿಂತೊಡನೆ ಕಲ್ಲಿನ ಜೊತೆಗಿದ್ದ ಹಾಡೂ ನಿಂತಿತು. ಇನ್ನು ಮೂವತ್ತು ವರ್ಷ ತಡವಾಗಿದ್ದರೆ ಆ ಪದಗಳಲ್ಲಿ ಎಷ್ಟೋ ಮಣ್ಣುಗೂಡುತ್ತಿದ್ದವು.

ಒಂದು ಕೊರತೆಯನ್ನೂ ಇಲ್ಲಿ ಹೇಳಬೇಕು. 'ಗರತಿಯ ಹಾಡು' ಪುಸ್ತಕದ ತ್ರಿಪದಿಗಳ ಕೆಳಗೆ ಅವನ್ನು ಹಾಡಿದವಳ ಹೆಸರಿಲ್ಲ. ಜನಪದ ಹಾಡು ಸಮುದಾಯದ್ದು, ಅದಕ್ಕೆ ಒಬ್ಬ ಕರ್ತೃವಿಲ್ಲ ಎಂಬುದು ಆ ಕಾಲದ ಹಲವು ವಿದ್ವಾಂಸರ ನಂಬಿಕೆ. ಹೆಸರು ಅಚ್ಚಾಗುವುದು ಗರತಿಯರ ಮನೆತನಕ್ಕೆ ಒಪ್ಪುವ ಮಾತೂ ಆಗಿರಲಿಲ್ಲ. ಆದರೂ ಇಂದಿನ ಓದುಗನಿಗೆ ಆ ಖಾಲಿ ಜಾಗ ಕಾಣದೆ ಇರದು. ಸಂಪಾದಕರ ಹೆಸರು ಉಳಿಯಿತು. ತಮ್ಮ ನೋವು-ನಲಿವನ್ನು ಮೂರು ಸಾಲಿಗೆ ಇಳಿಸಿದವರ ಹೆಸರು ಉಳಿಯಲಿಲ್ಲ. ಕೌದಿಯ ಗತಿಯೂ ಇದೇ. ಅದರ ಮೂಲೆಯಲ್ಲಿ ಹೊಲಿದವಳ ಹೆಸರಿರುವುದಿಲ್ಲ.

ಹೋಲಿಕೆಗೆ ಬಂಗಾಳದತ್ತ ನೋಡಬಹುದು. ಅಲ್ಲಿಯೂ ಹಳೆ ಸೀರೆಗಳ ಪದರು ಜೋಡಿಸಿ ಹೊಲಿಯುವ ಕಾಂಥಾ ಎಂಬ ಹೊದಿಕೆಯುಂಟು. ಅದು ನಮ್ಮ ಕೌದಿಯ ಅಕ್ಕನಂತೆ. ರವೀಂದ್ರನಾಥ ಠಾಕೂರರು 1890ರ ದಶಕದಲ್ಲಿಯೇ ಅಲ್ಲಿಯ ಹೆಂಗಸರ ಬಾಯಿಂದ ಶಿಶುಗೀತೆಗಳನ್ನು ಸಂಗ್ರಹಿಸಿದ್ದರು. ಸರಕಾರಿ ಅಧಿಕಾರಿಯಾಗಿದ್ದ ಗುರುಸದಯ ದತ್ತರು ಹಳ್ಳಿಗಳಲ್ಲಿ ಸುತ್ತಿ ಕಾಂಥಾಗಳನ್ನೇ ಕೂಡಿಸಿದರು. ಅವರ ಸಂಗ್ರಹ ಕೋಲ್ಕತ್ತದ ಹತ್ತಿರದ ಜೋಕಾದಲ್ಲಿ ವಸ್ತುಸಂಗ್ರಹಾಲಯವಾಯಿತು. ಬಂಗಾಳದಲ್ಲಿ ಹಾಡಿಗೂ ಹೊಲಿಗೆಗೂ ಸಂಗ್ರಾಹಕರು ಸಿಕ್ಕರು. ಭೀಮಾ ತೀರದಲ್ಲಿ ಹಾಡಿಗೆ ಲಿಂಗಣ್ಣನವರಂಥವರು ಸಿಕ್ಕರು. ಕೌದಿಗಳು ಮಾತ್ರ ಹೊದೆದು ಹೊದೆದು ಸವೆದು, ಕಡೆಗೆ ಮತ್ತೊಂದು ಕೌದಿಯ ಒಡಲಿನ ಪದರಾಗಿ ಮರೆಯಾದವು.

ಗೆಳೆಯನಿಲ್ಲದ ನಾಲ್ಕು ದಶಕ

1953ರಲ್ಲಿ ಮಧುರಚೆನ್ನರು ತೀರಿಕೊಂಡರು. ಗುಂಪಿನ ಬೆಳಕೇ ಆರಿದಂತಾಯಿತು. ಗೆಳೆಯರನ್ನು ಕಟ್ಟಿಹಾಕಿದ್ದ ಇನ್ನೊಂದು ಎಳೆ ಪುದುಚೇರಿಯ ಶ್ರೀ ಅರವಿಂದರ ವಿಚಾರ. ಆ ಚಿಂತನೆಯನ್ನು ಕನ್ನಡಕ್ಕೆ ತರುವ ಬರವಣಿಗೆಯನ್ನು ಲಿಂಗಣ್ಣನವರು ಮುಂದುವರಿಸಿದರು. ಅದಕ್ಕೂ ಮಿಗಿಲಾಗಿ, ಗೆಳೆಯರು ಕೂಡಿ ಎತ್ತಿದ್ದ ಜಾನಪದದ ಹೊರೆಯನ್ನು ಅವರು ಕೆಳಗಿಳಿಸಲಿಲ್ಲ.

ಹಾಡುಗಳನ್ನು ಅಚ್ಚು ಹಾಕಿಸಿದರೆ ಸಾಲದು, ಅವು ಹುಟ್ಟಿದ ಬದುಕನ್ನೂ ತಿಳಿಸಬೇಕೆಂಬ ಹಂಬಲ ಅವರದು. 'ಗರತಿಯ ಬಾಳುವೆ', 'ಜನಾಂಗದ ಜೀವಾಳ' ಮೊದಲಾದ ಪುಸ್ತಕಗಳು ಈ ಹಂಬಲದಿಂದ ಬಂದವು. ಉತ್ತರ ಕರ್ನಾಟಕದ ಜನಪದ ಕಥೆಗಳನ್ನೂ ಅವರು ಕೂಡಿಸಿ ಪ್ರಕಟಿಸಿದರು. ಕವಿತೆ, ಪ್ರಬಂಧ, ಅನುವಾದ, ಮಕ್ಕಳಿಗೆ ಹೇಳುವಂಥ ಕಥೆ ಹೀಗೆ ಅವರ ಲೇಖನಿ ಹಲವು ದಿಕ್ಕಿಗೆ ಹರಿಯಿತು. ಯಾವುದರಲ್ಲಿಯೂ ಪಾಂಡಿತ್ಯದ ಭಾರವಿಲ್ಲ. ಮಕ್ಕಳ ಮುಂದೆ ನಿಂತು ಪಾಠ ಹೇಳುವ ಮಾಸ್ತರರ ತಾಳ್ಮೆಯೇ ಅವರ ಗದ್ಯದ ಗುಣ.

ಅವರ ಬಾಳಿನ ಅವಧಿಯಲ್ಲಿಯೇ ನಾಡಿನ ನಕ್ಷೆ ಬದಲಾಯಿತು. 1956ರ ಏಕೀಕರಣದಿಂದ ಮುಂಬಯಿ ಪ್ರಾಂತ್ಯದ ವಿಜಾಪುರ ಕನ್ನಡ ನಾಡಿನ ಮಡಿಲಿಗೆ ಬಂತು. ಬೇರೆಬೇರೆ ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ನಾಡು ಜೋಡಿಸಿಕೊಂಡಿತು. ಜಾನಪದ ವಿಶ್ವವಿದ್ಯಾಲಯಗಳ ಪಠ್ಯವಾಯಿತು. ಅದರಲ್ಲಿ ಪದವಿ ಪಡೆದ ಹೊಸ ತಲೆಮಾರು ಬಂತು. ಆ ತಲೆಮಾರು ಓದಿದ ಮೊದಲ ಆಕರಗಳಲ್ಲಿ ಹಲಸಂಗಿಯ ಮೂರು ಪುಸ್ತಕಗಳೂ ಇದ್ದವು.

1993ರಲ್ಲಿ ಕೊಪ್ಪಳದಲ್ಲಿ ನಡೆದ 62ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಸಿಂಪಿ ಲಿಂಗಣ್ಣನವರು ಅಧ್ಯಕ್ಷರಾದರು. ಎಂಬತ್ತೆಂಟರ ಆಸುಪಾಸಿನ ವಯಸ್ಸಿನಲ್ಲಿ ಬಂದ ಗೌರವ ಅದು. ಕನ್ನಡದ ಶಾಲೆಯ ಮಾಸ್ತರರೊಬ್ಬರು, ಹಳ್ಳಿಯ ಹೆಂಗಸರ ಹಾಡುಗಳನ್ನು ಬೆನ್ನಿಗೆ ಕಟ್ಟಿಕೊಂಡು ಆ ಪೀಠವನ್ನೇರಿದ್ದು ಸಣ್ಣ ಸಂಗತಿಯಲ್ಲ. ಅದೇ ವರ್ಷ ಅವರು ಕೊನೆಯುಸಿರೆಳೆದರು. ಮಧುರಚೆನ್ನರು ಅಗಲಿ ಆಗ ನಲವತ್ತು ವರ್ಷವಾಗಿತ್ತು.

ಇಂದಿನ ಚೂರು, ಇಂದಿನ ಸಾಲು

ಅವರ ಬಳಿಕ ಜಾನಪದಕ್ಕೆ ನೆಲೆಗಳು ಬಂದವು. 1994ರಲ್ಲಿ ರಾಮನಗರದ ಬಳಿ ಎಚ್.ಎಲ್. ನಾಗೇಗೌಡರ ಜಾನಪದ ಲೋಕ ಆರಂಭವಾಯಿತು. 2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಹಲಸಂಗಿ ಗೆಳೆಯರ ಹೆಸರಿನಲ್ಲಿ ಒಂದು ಪ್ರತಿಷ್ಠಾನವೂ ರೂಪುಗೊಂಡಿತು.

ಕೌದಿಯ ಕಥೆಯಾದರೂ ಬೇರೆ ತಿರುವು ಪಡೆದಿದೆ. ಹಳ್ಳಿಯ ಮನೆಗಳಲ್ಲಿ ಗಿರಣಿಯ ಚಾದರ, ಕಾರ್ಖಾನೆಯ ರಗ್ಗು ಕೌದಿಯ ಜಾಗವನ್ನು ಹಿಡಿದಿವೆ. ಇತ್ತ ನಗರಗಳಲ್ಲಿ ಅದೇ ಕೌದಿ ಕುಶಲಕಲೆಯೆಂಬ ಹೆಸರಿನಲ್ಲಿ ಅಂಗಡಿಯ ಗಾಜಿನ ಹಿಂದೆ ಕಾಣಿಸಿಕೊಳ್ಳುತ್ತದೆ. ಉತ್ತರ ಕನ್ನಡದ ಸಿದ್ದಿ ಸಮುದಾಯದ ಮಹಿಳೆಯರ ಕೌದಿಗಳು ದೇಶವಿದೇಶಗಳಲ್ಲಿ ಪ್ರದರ್ಶನಗೊಂಡಿವೆ. ದಿನಕ್ಕೊಂದು ಚೂರನ್ನು ಹೊಲಿಯುವ ವ್ರತ ಹಿಡಿದು, ಮನೆಯಲ್ಲಿ ಉಳಿದ ಬಟ್ಟೆಗೆ ಹೊಸ ರೂಪ ಕೊಡುವ ಹವ್ಯಾಸಿಗಳು ಬೆಂಗಳೂರಿನಲ್ಲಿಯೂ ಇದ್ದಾರೆ, ಕಡಲಾಚೆಯೂ ಇದ್ದಾರೆ. ಬಟ್ಟೆಯನ್ನು ಒಂದೆರಡು ಸಲ ಉಟ್ಟು ಎಸೆಯುವ ಕಾಲದಲ್ಲಿ ಇದು ಒಳ್ಳೆಯ ಸುದ್ದಿಯೇ.

ಹಾಗೆ ಹೊಲಿಯಲು ಕುಳಿತವರಿಗೆ ಲಿಂಗಣ್ಣನವರ ಬಾಳಿನಲ್ಲಿ ಎರಡು ಪಾಠಗಳಿವೆ. ದೊಡ್ಡ ಕೆಲಸಕ್ಕೆ ದೊಡ್ಡ ಬಿಡುವು ಬೇಕಿಲ್ಲ. ದಿನಕ್ಕೆ ನಾಲ್ಕು ಸಾಲು ತಪ್ಪದೆ ಬಿದ್ದರೆ ಹಾಸಿಗೆಯಾಗುತ್ತದೆ, ಪುಸ್ತಕವೂ ಆಗುತ್ತದೆ. ಎರಡನೆಯದು ಅವರ ಕಾಲಕ್ಕೆ ಸಾಧ್ಯವಾಗದೆ ಇಂದಿನವರಿಗೆ ಉಳಿದಿರುವ ಕೆಲಸ. ಅಜ್ಜಿಯ ಹತ್ತಿರ ಕುಳಿತು ಯಾವ ಚೂರು ಯಾರದೆಂದು ಕೇಳಿ ತಿಳಿಯಬೇಕು. ಹೊಲಿದವಳ ಹೆಸರನ್ನು, ಹೊಲಿದ ವರ್ಷವನ್ನು ಕೌದಿಯ ಮೂಲೆಯಲ್ಲಿ ದಾರದಿಂದಲೇ ಬರೆದಿಡಬೇಕು.

ಹಲಸಂಗಿಯ ಗರತಿಯರ ಹಾಡು ಉಳಿಯಿತು. ಅವರ ಮಕ್ಕಳು-ಮೊಮ್ಮಕ್ಕಳ ಕೌದಿಯಾದರೂ ಹೆಸರಿನೊಡನೆ ಉಳಿಯಲಿ.